ಹಳೆಯ ಓಮ್ನಿ: ಐಡ್ಲಿಂಗ್ ತೊಂದರೆಗೆ ಕಾರಣ ಮತ್ತು ಪರಿಹಾರ

ಮಾರುತಿ ವ್ಯಾನ್ ಎಂಬ ಹೆಸರಿನಿಂದ 1984ರಲ್ಲಿ ಮಾರುಕಟ್ಟೆಗೆ ಬಂದು, 1988ರಲ್ಲಿ ಓಮ್ನಿ ಎಂದು ಮರುನಾಮಕರಣಗೊಂಡ ವಾಹನದ ತಯಾರಿಕೆ 2019ರಲ್ಲಿ ನಿಂತಿತು. ಆದರೂ ತರಕಾರಿ ಸಾಗಿಸಲು, ಮಕ್ಕಳನ್ನು ಶಾಲೆಗೆ ಬಿಡಲು ಹಳೆಯ ಓಮ್ನಿಗಳು ಇಂದಿಗೂ ಓಡಾಡುತ್ತಿವೆ. ಇವುಗಳ ಮಾಲೀಕರಿಂದ ಆಗಾಗ ಕೇಳಿಬರುವ ದೂರೆಂದರೆ, ಸಿಗ್ನಲ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದೊಡನೆ ಎಂಜಿನ್ ನಡುಗುತ್ತದೆ ಇಲ್ಲವೇ ಆಫ್ ಆಗುತ್ತದೆ ಎಂಬುದು.

ಇದನ್ನು ಕಿರಿಕಿರಿ ಎಂದಷ್ಟೇ ತಳ್ಳಿಹಾಕುವಂತಿಲ್ಲ. ಬ್ರೇಕ್ ಬೂಸ್ಟರ್ ಇರುವ ಮಾದರಿಗಳಲ್ಲಿ ಎಂಜಿನ್ ನಿಂತ ಬಳಿಕ ಒಂದೆರಡು ಬಾರಿ ಪೆಡಲ್ ಒತ್ತಿದರೆ ಬೂಸ್ಟರ್‌ನ ನೆರವು ಮುಗಿದು ಬ್ರೇಕ್ ಗಟ್ಟಿಯಾಗುತ್ತದೆ. ಇಳಿಜಾರಿನಲ್ಲಿ ಇದರ ಪರಿಣಾಮವೇನೆಂದು ಹೇಳಬೇಕಾಗಿಲ್ಲ.

ಓಮ್ನಿಯಲ್ಲಿರುವುದು 796 ಸಿಸಿಯ, ಮೂರು ಸಿಲಿಂಡರ್‌ಗಳ ಪೆಟ್ರೋಲ್ ಎಂಜಿನ್. ಮೂರರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೂ ಮೂರನೇ ಒಂದರಷ್ಟು ಶಕ್ತಿ ಹೋದಂತೆ. ಆದ್ದರಿಂದಲೇ ‘ಮಿಸ್ಸಿಂಗ್’ ಇಲ್ಲಿ ಎದ್ದು ಕಾಣುತ್ತದೆ. ಕಾರ್ಬುರೇಟರ್‌ನ ಸ್ಕ್ರೂ ತಿರುಗಿಸುವುದಕ್ಕೆ ಮೊದಲು ಪ್ಲಗ್‌ಗಳನ್ನು ಬಿಚ್ಚಿ ನೋಡುವುದು ಒಳಿತು. ತುದಿ ಕಂದು ಬಣ್ಣಕ್ಕಿದ್ದರೆ ದಹನ ಸರಿಯಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ ಎಂದು ತಿಳಿಯಬಹುದು. ಪಾಯಿಂಟ್ ಇರುವ ಹಳೆಯ ಡಿಸ್ಟ್ರಿಬ್ಯೂಟರ್ ಆಗಿದ್ದರೆ ಪಾಯಿಂಟ್‌ನ ಸವೆತವನ್ನೂ ಪರಿಶೀಲಿಸಬೇಕು.

ಪ್ಲಗ್ ಸರಿಯಿದ್ದರೆ ಅನುಮಾನ ಕಾರ್ಬುರೇಟರ್‌ನತ್ತ ತಿರುಗುತ್ತದೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಪೆಟ್ರೋಲ್ ಮುಖ್ಯ ಜೆಟ್‌ನಿಂದ ಬಾರದೆ ಐಡಲ್ ಜೆಟ್‌ನ ಕೂದಲೆಳೆಯಂಥ ರಂಧ್ರದಿಂದ ಬರುತ್ತದೆ. ಟ್ಯಾಂಕಿನ ಕಸದ ಒಂದು ಕಣ ಅಲ್ಲಿ ಸಿಕ್ಕಿಕೊಂಡರೂ ಸಾಕು, ವಾಹನ ವೇಗದಲ್ಲಿ ಚೆನ್ನಾಗಿ ಓಡಿ ನಿಂತಾಗ ಮಾತ್ರ ಸತ್ತುಹೋಗುತ್ತದೆ. ಜೆಟ್ಟನ್ನು ಗಾಳಿ ಹಾಯಿಸಿ ಶುಚಿಗೊಳಿಸಬೇಕೇ ಹೊರತು ತಂತಿಯಿಂದ ಚುಚ್ಚಬಾರದು. ರಂಧ್ರ ದೊಡ್ಡದಾದರೆ ಅದನ್ನು ಸರಿಪಡಿಸಲಾಗದು. ಕೆಲವು ಕಾರ್ಬುರೇಟರ್‌ಗಳಲ್ಲಿ ಐಡ್ಲಿಂಗ್ ಪೆಟ್ರೋಲನ್ನು ನಿಯಂತ್ರಿಸುವ ಸೊಲೆನಾಯ್ಡ್ ಇರುತ್ತದೆ. ಕೀ ತಿರುಗಿಸಿದಾಗ ಅದು ‘ಟಕ್’ ಎನ್ನದಿದ್ದರೆ ಮೊದಲು ಅದರ ವೈರ್ ನೋಡಬೇಕು. ಕಳಚಿದ ವೈರೊಂದಕ್ಕಾಗಿ ಇಡೀ ಕಾರ್ಬುರೇಟರ್ ಬದಲಿಸಿಕೊಂಡವರ ಸಂಖ್ಯೆ ಕಡಿಮೆಯೇನಿಲ್ಲ.

ತಣ್ಣಗಿದ್ದಾಗ ಮಾತ್ರ ನಿಲ್ಲುವುದಾದರೆ ಚೋಕ್ ಕೇಬಲ್ ಪರೀಕ್ಷಿಸಬೇಕು. ಬಿಸಿಯಾದ ಬಳಿಕ ನಿಂತರೆ ವಿಷಯ ಬೇರೆ. ಓಮ್ನಿಯ ಎಂಜಿನ್ ಮುಂದಿನ ಸೀಟುಗಳ ಕೆಳಗಿದ್ದು, ಶಾಖ ಹೊರಹೋಗಲು ಅವಕಾಶ ಕಡಿಮೆ. ಬೇಸಿಗೆಯ ಟ್ರಾಫಿಕ್‌ನಲ್ಲಿ ಕಾರ್ಬುರೇಟರ್‌ನೊಳಗಿನ ಪೆಟ್ರೋಲ್ ಆವಿಯಾಗಿ ಉಕ್ಕುವುದುಂಟು.

ಐಡ್ಲಿಂಗ್ ಏರುತ್ತ ಇಳಿಯುತ್ತ ಇದ್ದರೆ ಎಲ್ಲೋ ಗಾಳಿ ಸೋರಿಕೆಯಿದೆ ಎನ್ನಬಹುದು. ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್, ಕಾರ್ಬುರೇಟರ್ ತಳದ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್‌ನ ಪೈಪ್, ಇವು ಸಾಮಾನ್ಯ ಸ್ಥಳಗಳು. ಬೂಸ್ಟರ್ ಪೈಪನ್ನು ಒತ್ತಿ ಮುಚ್ಚಿದಾಗ ಐಡ್ಲಿಂಗ್ ಸುಧಾರಿಸಿದರೆ ಬ್ರೇಕ್ ಕೂಡ ದೋಷಪೂರಿತವೆಂದೇ ಅರ್ಥ. ಅಂಥ ವಾಹನವನ್ನು ದುರಸ್ತಿಯಾಗುವವರೆಗೆ ರಸ್ತೆಗಿಳಿಸಬಾರದು. ಸೋರಿಕೆ ಹುಡುಕಲು ಕ್ಲೀನರ್ ಸ್ಪ್ರೇ ಹೊಡೆಯುವ ರೂಢಿ ಗ್ಯಾರೇಜ್‌ಗಳಲ್ಲಿದೆ. ಬಿಸಿ ಎಂಜಿನ್ ಸೀಟಿನಡಿಯೇ ಇರುವ ಓಮ್ನಿಯಲ್ಲಿ ಉರಿಯುವ ದ್ರವದ ಈ ಪ್ರಯೋಗ ಸಲ್ಲದು.

2025ರ ಹೊತ್ತಿಗೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ದೇಶದಾದ್ಯಂತ ಬಳಕೆಗೆ ಬಂದಿದೆ. ಎಥೆನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ, ಕಾರ್ಬುರೇಟರ್ ಇದನ್ನು ತಾನಾಗಿ ಸರಿದೂಗಿಸಲಾರದು. ಹಳೆಯ ರಬ್ಬರ್ ಪೈಪ್ ಮತ್ತು ಗ್ಯಾಸ್ಕೆಟ್‌ಗಳೂ ಬೇಗ ಹಾಳಾಗಬಹುದು.

ಎಂಪಿಎಫ್‌ಐ ಮಾದರಿಗಳಲ್ಲಿ ಸ್ಕ್ರೂ ಹೊಂದಾಣಿಕೆಯ ಗೋಜಿಗೆ ಹೋಗಬಾರದು. ಮಸಿ ಕಟ್ಟಿದ ಥ್ರಾಟಲ್ ಬಾಡಿ ಮತ್ತು ಐಡಲ್ ಏರ್ ವಾಲ್ವ್ ಶುಚಿಗೊಳಿಸಿದರೆ ಬಹಳಷ್ಟು ಬಾರಿ ಸಮಸ್ಯೆ ನೀಗುತ್ತದೆ.

ಇವೆಲ್ಲ ಮುಗಿದ ಬಳಿಕವಷ್ಟೇ, ಎಂಜಿನ್ ಪೂರ್ತಿ ಬಿಸಿಯಾಗಿರುವಾಗ ಐಡ್ಲಿಂಗ್ ವೇಗ ಮತ್ತು ಮಿಶ್ರಣದ ಸ್ಕ್ರೂಗಳನ್ನು ಹೊಂದಿಸಬೇಕು. ಕಿವಿಯ ಅಂದಾಜಿಗಿಂತ ಗ್ಯಾಸ್ ಅನಲೈಸರ್ ಲೇಸು. ಹೊಗೆ ತಪಾಸಣೆಯೂ ನಡೆಯುವುದು ಐಡ್ಲಿಂಗ್‌ನಲ್ಲೇ. ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 3. ಈ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಆದ್ದರಿಂದ ಎಂಜಿನ್ ಚಾಲನೆಯಲ್ಲಿಟ್ಟು ಮಾಡುವ ಟ್ಯೂನಿಂಗ್ ಮುಚ್ಚಿದ ಶೆಡ್ಡಿನಲ್ಲಿ ನಡೆಯಕೂಡದು, ಬಯಲಿನಲ್ಲೇ ಆಗಬೇಕು.