ಓದುವ ಯಂತ್ರವಿಲ್ಲದ ಚಿತ್ರಗಳು

ಕಳೆದ ದೀಪಾವಳಿಗೆ ಮುಂಬೈಯ ನಮ್ಮ ಮನೆಗೆ 4ಕೆ ಟಿವಿ ಬಂತು. ಊರಿನಿಂದ ಬಂದಿದ್ದ ಸೋದರತ್ತೆ, "ನಿನ್ನ ಮದುವೆ ಫೋಟೊ ಹಾಕೋ, ಅಣ್ಣನ ಮುಖ ದೊಡ್ಡದಾಗಿ ನೋಡೋಣ" ಎಂದರು. ಅಪ್ಪ ಈಗಿಲ್ಲ. 2003ರ ಮದುವೆಯ ಚಿತ್ರಗಳು ಸಿ.ಡಿ.ಯಲ್ಲಿವೆ, ಸಿ.ಡಿ. ಕಪಾಟಿನಲ್ಲಿದೆ, ಅದನ್ನು ಓದುವ ಯಂತ್ರ ಮಾತ್ರ ಮನೆಯಲ್ಲಿಲ್ಲ. ಡಿಜಿಟಲ್ ಚಿತ್ರದ ಚರಿತ್ರೆ ನೋಡಿದರೆ ಈ ಪೇಚಾಟ ಹೊಸದೇನಲ್ಲ.

1975ರ ಡಿಸೆಂಬರ್‌ನಲ್ಲಿ ಅಮೆರಿಕದ ರೋಚೆಸ್ಟರ್‌ನಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮ್ ಬೇಡದ ಕ್ಯಾಮೆರಾ ಕಟ್ಟಿದರು. ತೂಕ ಸುಮಾರು ಮೂರೂವರೆ ಕಿಲೊ. ಕಪ್ಪು-ಬಿಳುಪು ಚಿತ್ರದಲ್ಲಿ ಇದ್ದದ್ದು ಒಟ್ಟು 10,000 ಚುಕ್ಕೆ. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು ಬೇಕಿತ್ತು. ಅದನ್ನು ನೋಡಲು ಬೇರೆಯೇ ಯಂತ್ರ ಮಾಡಿ ಟಿವಿಗೆ ಜೋಡಿಸಬೇಕಾಯಿತು. ಫೋಟೊವನ್ನು ಟಿವಿಯಲ್ಲಿ ಯಾರು ತಾನೇ ನೋಡುತ್ತಾರೆ ಎಂದು ಮೇಲಧಿಕಾರಿಗಳು ಅನುಮಾನಿಸಿದ್ದನ್ನು ಸ್ಯಾಸನ್ ಮುಂದೆ ನೆನೆದಿದ್ದಾರೆ. ಇಂದು ಅದು ನಗೆ ತರಿಸಬಹುದು. ಆದರೆ ಕಾಗದದ ಫೋಟೊ ನೋಡಲು ಕಣ್ಣು, ಬೆಳಕು ಇದ್ದರೆ ಸಾಕು. ಈ ಚಿತ್ರಕ್ಕೆ ಹುಟ್ಟಿನಿಂದಲೇ ಇನ್ನೊಂದು ಯಂತ್ರದ ಹಂಗು.

1992ರಲ್ಲಿ ಅದೇ ಕಂಪನಿ ‘ಫೋಟೊ ಸಿ.ಡಿ.’ಯನ್ನು ಮಾರುಕಟ್ಟೆಗೆ ತಂದಿತು. ಫಿಲ್ಮಿನ ಸುಮಾರು ನೂರು ಚಿತ್ರಗಳನ್ನು ಒಂದು ಡಿಸ್ಕಿಗೆ ಹಾಕಿಸಿ, ಅದಕ್ಕೆಂದೇ ಇದ್ದ ಪ್ಲೇಯರಿನ ಮೂಲಕ ಮನೆಯ ಟಿವಿಯಲ್ಲಿ ನೋಡಬಹುದಿತ್ತು. ಒಂದೊಂದು ಚಿತ್ರವೂ ಹಲವು ಅಳತೆಗಳಲ್ಲಿ ಇರುತ್ತಿತ್ತು. ಟಿವಿಗೆ 768×512 ಚುಕ್ಕೆಗಳದ್ದು, ದೊಡ್ಡದರಲ್ಲಿ 3072×2048. ಅಂದಿನ ಟಿವಿ ತೋರಿಸಲಾಗದಷ್ಟು ವಿವರವನ್ನು ನಾಳಿನ ಪರದೆಗಾಗಿ ಕಾಪಿಟ್ಟಂತಿತ್ತು. ಆ ನಾಳೆ ಬಂದೇ ಬಂತು. 4ಕೆ ಪರದೆಯಲ್ಲಿ 3840×2160 ಚುಕ್ಕೆಗಳಿವೆ. ಆ ದೊಡ್ಡ ಚಿತ್ರ ಇಡಿಯಾಗಿ ಹಿಡಿಯುತ್ತದೆ. ಅಷ್ಟರಲ್ಲಿ ಪ್ಲೇಯರ್ ಅಂಗಡಿಗಳಿಂದ ಮಾಯವಾಗಿತ್ತು, ಆ ಚಿತ್ರಗಳನ್ನು ತೆರೆಯಬಲ್ಲ ಸಾಫ್ಟ್‌ವೇರ್ ಅಪರೂಪವಾಗಿತ್ತು. 2012ರ ಜನವರಿಯಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಈಗ 8ಕೆ ಟಿವಿಗಳೂ ಬಂದಿವೆ. ಚುಕ್ಕೆಗಳು 4ಕೆಯ ನಾಲ್ಕರಷ್ಟು. ಚುಕ್ಕೆ ಹೆಚ್ಚಾದರೆ ಸಂತೋಷವೇ. ಆದರೆ ಚಿತ್ರ ಉಳಿಯುವುದು ಚುಕ್ಕೆಗಳಿಂದಲ್ಲ. ಯಂತ್ರ ಬದಲಾದಾಗಲೆಲ್ಲ ಹಳೆಯದರಿಂದ ಹೊಸದಕ್ಕೆ ಚಿತ್ರಗಳನ್ನು ದಾಟಿಸುವವರೊಬ್ಬರು ಮನೆಯಲ್ಲಿರಬೇಕು. ಇಪ್ಪತ್ತು ವರ್ಷ ಆ ಕೆಲಸ ನಾನು ಮಾಡಿರಲಿಲ್ಲ.

ಕೊನೆಗೆ ಗೆಳೆಯರೊಬ್ಬರ ಹಳೇ ಲ್ಯಾಪ್‌ಟಾಪ್ ಸಿ.ಡಿ.ಯನ್ನು ಓದಿತು. ಕೆಲವು ಚಿತ್ರಗಳು ತೆರೆಯಲೇ ಇಲ್ಲ. ತೆರೆದವನ್ನು ಎರಡು ಕಡೆ ನಕಲು ಮಾಡಿಟ್ಟೆ. ಅಪ್ಪನ ಒಂದು ಚಿತ್ರವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಅತ್ತೆಗೆ ಕಳಿಸಿದೆ.