ಹಾಳುಬಿದ್ದ ಮನೆಯ ಹಳೆಯ ನಾಣ್ಯಗಳು

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಬೀಗ ಹಾಕಿದ ಮನೆಯೊಂದಿದೆ. ಹಿರಿಯರು ತೀರಿಕೊಂಡರು, ಮಕ್ಕಳು ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲೆಸಿದರು, ಮಾಡು ಕುಸಿಯಿತು, ಅಂಗಳದಲ್ಲಿ ಮುಳ್ಳುಪೊದೆ ಬೆಳೆಯಿತು. ಹಾಳುಮನೆಯೆಂದರೆ ನಿಧಿಯಿದ್ದೇ ಇದೆ ಎಂಬ ನಂಬಿಕೆ ನಮ್ಮ ಜನರಲ್ಲಿ ಹಳೆಯದು. ಹಿಂದೆ ಅದಕ್ಕಾಗಿ ಅಂಜನ ನೋಡುವವರನ್ನು ಕರೆಯುತ್ತಿದ್ದರು. ಈಗ ಲೋಹಶೋಧಕ ಯಂತ್ರ ಬಂದಿದೆ. ಆದರೆ ಇಂಥ ಅಂಗಳದಲ್ಲಿ ಹೆಚ್ಚಾಗಿ ಸಿಗುವುದು ಕೊಪ್ಪರಿಗೆ ಹೊನ್ನಲ್ಲ, ಸೆರಗಿನ ಗಂಟಿನಿಂದ ಜಾರಿದ ಕಾಸು. ಚರಿತ್ರೆಯ ದೃಷ್ಟಿಯಿಂದ ಆ ಕಾಸಿಗೂ ಬೆಲೆಯುಂಟು.

ಹಣವನ್ನು ನೆಲದಲ್ಲಿ ಹೂಳುವುದು ಜಿಪುಣತನವಲ್ಲ, ಅಂದಿನ ಅನಿವಾರ್ಯತೆ. ಅಂಚೆ ಕಚೇರಿಯ ಮನಿಯಾರ್ಡರು ಬಂದದ್ದು 1880ರಲ್ಲಿ, ಅಂಚೆಯ ಉಳಿತಾಯ ಬ್ಯಾಂಕು 1882ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯ ಗೃಹಸ್ಥನಿಗೆ ಮಡಕೆಯೇ ಪೆಟ್ಟಿಗೆ, ನೆಲವೇ ಬ್ಯಾಂಕು. ದಂಡು ಬಂದಾಗ, ಬರಗಾಲದಲ್ಲಿ ಊರು ಬಿಡುವಾಗ ಹೂತಿಟ್ಟವನು ಹಿಂದಿರುಗದಿದ್ದರೆ ಹಣ ಅಲ್ಲಿಯೇ ಉಳಿಯಿತು.

ಸಿಕ್ಕ ನಾಣ್ಯ ಯಾವುದೆಂಬುದು ಊರು ಯಾವ ಸೀಮೆಯದು ಎಂಬುದನ್ನು ಅವಲಂಬಿಸಿದೆ. ಹಳೆಯ ಮೈಸೂರಿನಲ್ಲಾದರೆ ಕಂಠೀರವ ನರಸರಾಜ ಒಡೆಯರ (1638–1659) ಪುಟ್ಟ ಚಿನ್ನದ ಕಂಠೀರಾಯಿ ಹಣ ಸಿಕ್ಕೀತು. ಅದರ ಮೇಲೆ ನರಸಿಂಹನ ರೂಪವಿದೆ. ಹೈದರಾಲಿಯು ತನ್ನ ವರಹದಲ್ಲಿ ಹಿಂದಿನ ಶಿವ ಪಾರ್ವತಿಯರ ಚಿತ್ರವನ್ನೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಇರಿಸಿದನು. ಜನರು ನಂಬಿದ ನಾಣ್ಯದ ಮುಖವನ್ನು ಬದಲಿಸಬಾರದೆಂಬ ವ್ಯಾಪಾರದ ವಿವೇಕ ಅದು. ಟಿಪ್ಪುವಿನ ತಾಮ್ರದ ಪೈಸೆಗಳಲ್ಲಿ ಆನೆಯಿದೆ. ಅವುಗಳಿಗೆ ಆತ ಜೊಹರಾ, ಬಹರಾಮ್, ಅಖ್ತರ್, ಕುತುಬ್ ಎಂದು ಗ್ರಹನಕ್ಷತ್ರಗಳ ಹೆಸರಿಟ್ಟನು. ಆತನ ಕೊನೆಯ ವರ್ಷಗಳ ನಾಣ್ಯಗಳಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸಿನಲ್ಲಿ ಕನ್ನಡ, ಪಾರಸಿ, ಇಂಗ್ಲಿಷು ಮೂರೂ ಇವೆ. ಆ ಕಾಲದ ಮೈಸೂರಿನ ರಾಜಕೀಯವೆಲ್ಲ ಒಂದು ತಾಮ್ರದ ಬಿಲ್ಲೆಯಲ್ಲಿ ಅಡಗಿದಂತಿದೆ.

ಕಲಬುರ್ಗಿ, ರಾಯಚೂರು, ಬೀದರಿನ ಕಡೆಯಾದರೆ ನಿಜಾಮರ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಆರು ಸರಕಾರಿ ರೂಪಾಯಿ ಎಂಬ ಲೆಕ್ಕವನ್ನು ಆ ಭಾಗದ ಹಿರಿಯರು ಬಾಯಲ್ಲೇ ಮಾಡುತ್ತಿದ್ದರು. ಧಾರವಾಡ, ಬೆಳಗಾವಿ, ಕರಾವಳಿಗಳಲ್ಲಿ 1835ರ ಅನಂತರದ ಕಂಪನಿ ರೂಪಾಯಿ ಮತ್ತು ರಾಣಿ ರೂಪಾಯಿ. ವಿಕ್ಟೋರಿಯಾಳನ್ನು ‘ರಾಣಿ’ ಎನ್ನದೆ ‘ಸಾಮ್ರಾಜ್ಞಿ’ ಎಂದು ಬರೆದಿದ್ದರೆ ಅದು 1877ರ ಅಥವಾ ಅನಂತರದ ನಾಣ್ಯ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು 1943ರಿಂದ ಟಂಕಿಸಿದ ತೂತು ಕಾಸಂತೂ ಎಲ್ಲ ಸೀಮೆಗಳಿಗೂ ಸಾಮಾನ್ಯ. ದಶಮಾಂಶ ನಾಣ್ಯಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು.

ನಾಣ್ಯಕ್ಕಿಂತಲೂ ಅದು ಸಿಕ್ಕ ಜಾಗವೇ ಮುಖ್ಯ. ಮನೆ ಕಟ್ಟುವಾಗ ತಳಪಾಯದಲ್ಲಿಯೂ ಹೊಸ್ತಿಲಿನಡಿಯಲ್ಲಿಯೂ ನಾಣ್ಯವಿಡುವ ಸಂಪ್ರದಾಯ ನಮ್ಮಲ್ಲಿದೆ. ಕದಲದ ಹೊಸ್ತಿಲಿನಡಿ 1862ರ ರೂಪಾಯಿ ಸಿಕ್ಕರೆ ಆ ಹೊಸ್ತಿಲನ್ನು 1862ಕ್ಕಿಂತ ಮುಂಚೆ ಕೂಡಿಸಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಎಷ್ಟು ವರ್ಷ ಅನಂತರ ಎಂಬುದನ್ನು ಮಾತ್ರ ಅದೊಂದರಿಂದಲೇ ಹೇಳಲಾಗದು. ನಾಣ್ಯಗಳು ದಶಕಗಳ ಕಾಲ ಕೈಯಿಂದ ಕೈಗೆ ಓಡುತ್ತವೆ. ಅದೇ ರೂಪಾಯಿಯನ್ನು ಕಿತ್ತು ಕಿಸೆಗೆ ಹಾಕಿಕೊಂಡರೆ ಈ ಸಾಕ್ಷ್ಯ ಅಳಿದುಹೋಗುತ್ತದೆ.

ದೊಡ್ಡ ಚರಿತ್ರೆಗೂ ಇದೇ ನಿಯಮ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆತ ನಡೆಸಿದರು. ಅಲ್ಲಿ ಸಿಕ್ಕ ರೋಮನ್ ಚಕ್ರವರ್ತಿ ಟೈಬೀರಿಯಸನ (ಕ್ರಿ. ಶ. 14–37) ಬೆಳ್ಳಿ ನಾಣ್ಯ, ಸಾತವಾಹನರ ಕಾಲದ ಮಣ್ಣಿನ ಪದರಗಳಿಗೆ ಕಾಲ ನಿರ್ಣಯಿಸಲು ನೆರವಾಯಿತು. ಪದರ ತಿಳಿದಿದ್ದರಿಂದಲೇ ಅದು ಸಾಧ್ಯವಾಯಿತು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲುದಾರಿಗೆ ನೆಲ ಅಗೆಯುವಾಗಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ವ್ಯಾಪಾರದ ಸಂಬಂಧವನ್ನು ಸಾರುತ್ತವೆ. ಆದರೆ ಮಡಕೆಯನ್ನು ಹೂತವನಾರು, ಅವನ ಮನೆ ಹೇಗಿತ್ತು ಎಂಬುದಕ್ಕೆ ಉತ್ತರ ಕೊಡಲಾರವು.

ಯಂತ್ರದ ಶಕ್ತಿಗೂ ಮಿತಿಯುಂಟು. ಅದರ ಸುರುಳಿಯಿಂದ ಹೊರಟ ಕಾಂತಕ್ಷೇತ್ರವು ಲೋಹದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ಮರುಸ್ಪಂದನವನ್ನೇ ಯಂತ್ರ ಸದ್ದಾಗಿಸುತ್ತದೆ. ಹಳೆಯ ಮೊಳೆ, ಎತ್ತಿನ ಲಾಳ, ಸೀಸೆಯ ಮುಚ್ಚಳಗಳಿಗೂ ಅದು ಕೂಗುತ್ತದೆ. ಕಬ್ಬಿಣದ ಅಂಶ ಹೆಚ್ಚಿರುವ ಕರಾವಳಿಯ ಮುರಕಲ್ಲಿನ ನೆಲದಲ್ಲಿ ಸುಳ್ಳು ಸದ್ದು ಇನ್ನೂ ಹೆಚ್ಚು.

ಇನ್ನು ಕಾನೂನಿನ ಮಾತು. ನೆಲ ನಮ್ಮದಾದ ಮಾತ್ರಕ್ಕೆ ಅದರೊಳಗಿನದೆಲ್ಲ ನಮ್ಮದಾಗದು. 1878ರ ನಿಧಿ ಕಾಯಿದೆಯೇ ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನೂರು ವರ್ಷಗಳೊಳಗೆ ತಮ್ಮ ಹಿರಿಯರೇ ಹೂತದ್ದೆಂದು ರುಜುವಾತು ಮಾಡಿದವರಿಗೆ ಹಕ್ಕನ್ನೂ, ಮುಚ್ಚಿಟ್ಟವರಿಗೆ ಶಿಕ್ಷೆಯನ್ನೂ ಅದು ಹೇಳಿತು. ಕರ್ನಾಟಕಕ್ಕೆ 1962ರ ಪ್ರತ್ಯೇಕ ನಿಧಿ ಕಾಯಿದೆಯಿದೆ. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯಗಳನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ನೆನಪಿನ ಕಾಣಿಕೆಯಾಗಿ ಕಳುಹಿಸುವವರು ಇದನ್ನು ಗಮನಿಸಬೇಕು.

ಮುಂದಿನ ರಜೆಗೆ ಊರಿಗೆ ಹೋದವರು, ಮನೆಯನ್ನು ಮಾರುವ ಅಥವಾ ಕೆಡಹುವ ಮುನ್ನ, ಒಂದು ಕಾಗದದಲ್ಲಿ ಅದರ ನಕ್ಷೆ ಬರೆದಿಟ್ಟುಕೊಳ್ಳಲಿ. ನಾಣ್ಯ ಕಣ್ಣಿಗೆ ಬಿದ್ದರೆ ತೆಗೆಯುವ ಮೊದಲೇ ಛಾಯಾಚಿತ್ರ ತೆಗೆದು, ಜಾಗವನ್ನೂ ಆಳವನ್ನೂ ಗುರುತು ಹಾಕಲಿ. ಮಡಕೆಯೇ ಸಿಕ್ಕರೆ ಕೈಹಚ್ಚದೆ ಜಿಲ್ಲಾಧಿಕಾರಿಗಳಿಗೆ ತಿಳಿಸಲಿ. ಹುಣಸೆಹಣ್ಣು ಹಚ್ಚಿ ಉಜ್ಜುವುದು ಮಾತ್ರ ಬೇಡ. ಹಸಿರು ಕಿಲುಬಿನೊಡನೆ ಅಕ್ಷರವೂ ಹೋಗುತ್ತದೆ. ಆ ಮನೆಯಲ್ಲಿ ಯಾವ ಕಾಲದಲ್ಲಿ ಯಾರು ಬಾಳಿದರೆಂದು ಹೇಳಲು ಹಿರಿಯರಿಲ್ಲದ ಮೇಲೆ, ಉಳಿದಿರುವ ಸಾಕ್ಷಿಗಳಲ್ಲಿ ಆ ಅಕ್ಷರವೂ ಒಂದು.