ಫೋರ್ಡ್ ಎನ್ ಸರಣಿಯ ಟ್ರ್ಯಾಕ್ಟರ್‌ಗಳಲ್ಲಿ ಬೆರಕೆ ಬಿಡಿಭಾಗಗಳ ಗುರುತಿಸುವಿಕೆ

ಫೋರ್ಡ್ ಸಂಸ್ಥೆಯು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1939ರಿಂದ 1952ರವರೆಗೆ ತಯಾರಿಸಿದ 9ಎನ್, 2ಎನ್ ಮತ್ತು 8ಎನ್ ಕೃಷಿ ಟ್ರ್ಯಾಕ್ಟರ್‌ಗಳನ್ನು ಒಟ್ಟಾಗಿ ಎನ್ ಸರಣಿ ಎನ್ನುತ್ತಾರೆ. ಒಂದು ಮಾದರಿಯ ಅನೇಕ ಭಾಗಗಳು ಇನ್ನೊಂದಕ್ಕೆ ಹೊಂದಿಕೊಳ್ಳುವುದರಿಂದ, ದಶಕಗಳ ದುರಸ್ತಿಯಲ್ಲಿ ಇವುಗಳ ಭಾಗಗಳು ಪರಸ್ಪರ ಬೆರೆತಿವೆ. ಯಾವ ಭಾಗ ಯಾವ ಮಾದರಿಯದೆಂದು ತಿಳಿಯುವುದು ಸರಿಯಾದ ಬಿಡಿಭಾಗ ಕೊಳ್ಳಲೂ ಯಂತ್ರದ ಕಾಲವನ್ನು ನಿರ್ಣಯಿಸಲೂ ಅಗತ್ಯ.

ಹಿನ್ನೆಲೆ
9ಎನ್ ಮಾದರಿಯು ಹ್ಯಾರಿ ಫರ್ಗುಸನ್ ಅವರ ಜಲಚಾಲಿತ ಮೂರು ಬಿಂದು ಜೋಡಣೆಯೊಂದಿಗೆ 1939ರಲ್ಲಿ ಬಂದಿತು. 2ಎನ್ 1942ರಲ್ಲಿಯೂ 8ಎನ್ 1947ರಲ್ಲಿಯೂ ಬಂದವು. ಯುದ್ಧಕಾಲದ ಅಭಾವದಿಂದ ಕೆಲವು 2ಎನ್ ಟ್ರ್ಯಾಕ್ಟರ್‌ಗಳು ಉಕ್ಕಿನ ಚಕ್ರ ಮತ್ತು ಮ್ಯಾಗ್ನೆಟೊಗಳೊಡನೆ, ಬ್ಯಾಟರಿಯಿಲ್ಲದೆ ಹೊರಬಂದವು. ಇವುಗಳಲ್ಲಿ ಅನೇಕಕ್ಕೆ ಮುಂದೆ ರಬ್ಬರ್ ಟೈರು, ಬ್ಯಾಟರಿಗಳನ್ನು ಅಳವಡಿಸಲಾಯಿತು.

ಕ್ರಮಸಂಖ್ಯೆ
ಕ್ರಮಸಂಖ್ಯೆಯನ್ನು ಎಂಜಿನ್ ಬ್ಲಾಕಿನ ಎಡಬದಿಯಲ್ಲಿ, ಸಿಲಿಂಡರ್ ಹೆಡ್‌ನ ಕೆಳಗೆ, ಆಯಿಲ್ ಫಿಲ್ಟರಿನ ಹಿಂದೆ ಮುದ್ರಿಸಲಾಗಿದೆ. ಆದುದರಿಂದ ಅದು ಎಂಜಿನ್ನಿನ ಕಾಲವನ್ನು ಹೇಳುತ್ತದೆಯೇ ಹೊರತು ಇಡೀ ಟ್ರ್ಯಾಕ್ಟರಿನ ಕಾಲವನ್ನಲ್ಲ. ಎಂಜಿನ್ ಬದಲಾಗಿದ್ದರೆ ಸಂಖ್ಯೆಯೂ ಬದಲಾಗಿರುತ್ತದೆ. ಬದಲಿ ಬ್ಲಾಕುಗಳಲ್ಲಿ ಸಂಖ್ಯೆಯೇ ಇಲ್ಲದಿರಬಹುದು. 2ಎನ್ ಮಾದರಿಯ ಸಂಖ್ಯೆಗಳೂ ‘9ಎನ್’ ಎಂದೇ ಆರಂಭವಾಗುವುದರಿಂದ, ಈ ಅಕ್ಷರಗಳನ್ನಷ್ಟೇ ನೋಡಿ ಮಾದರಿಯನ್ನು ನಿರ್ಧರಿಸಲಾಗದು.

ಎರಕದ ಗುರುತುಗಳು
ಎರಕದ ಭಾಗಗಳ ಮೇಲಿನ ‘9ಎನ್’, ‘8ಎನ್’ ಮುಂತಾದ ಪೂರ್ವಾಕ್ಷರಗಳು ಆ ಭಾಗವನ್ನು ಮೊದಲು ಯಾವ ಮಾದರಿಗೆ ರೂಪಿಸಲಾಯಿತೆಂಬುದನ್ನು ಸೂಚಿಸುತ್ತವೆ. ಹಳೆಯ ವಿನ್ಯಾಸ ಮುಂದುವರಿದಲ್ಲಿ ಹಳೆಯ ಸಂಖ್ಯೆಯೂ ಮುಂದುವರಿಯಿತು. ಹೀಗಾಗಿ 8ಎನ್ ಟ್ರ್ಯಾಕ್ಟರಿನಲ್ಲಿ ‘9ಎನ್’ ಗುರುತಿನ ಭಾಗ ಸಿಕ್ಕಿದ ಮಾತ್ರಕ್ಕೆ ಅದು ಬೆರಕೆಯೆನ್ನಲಾಗದು. ಆದರೆ 9ಎನ್ ಟ್ರ್ಯಾಕ್ಟರಿನಲ್ಲಿ ‘8ಎನ್’ ಗುರುತಿನ ಭಾಗವಿದ್ದರೆ ಅದು ನಂತರ ಸೇರಿದ್ದೆಂಬುದು ಸ್ಪಷ್ಟ.

ಮುಖ್ಯ ವ್ಯತ್ಯಾಸಗಳು
* ಗೇರು: 9ಎನ್ ಮತ್ತು 2ಎನ್‌ಗಳಲ್ಲಿ ಮುಂದಕ್ಕೆ 3, 8ಎನ್‌ನಲ್ಲಿ 4.
* ಬ್ರೇಕ್ ಪೆಡಲ್: ಮೊದಲ ಎರಡು ಮಾದರಿಗಳಲ್ಲಿ ಎಡಕ್ಕೊಂದು, ಬಲಕ್ಕೊಂದು, 8ಎನ್‌ನಲ್ಲಿ ಎರಡೂ ಬಲಗಡೆ.
* ಡಿಸ್ಟ್ರಿಬ್ಯೂಟರ್: 9ಎನ್, 2ಎನ್ ಮತ್ತು ಆರಂಭದ 8ಎನ್‌ಗಳಲ್ಲಿ ಎಂಜಿನ್ನಿನ ಮುಂಭಾಗದಲ್ಲಿ, 1950ರಲ್ಲಿ, 8ಎನ್ ಕ್ರಮಸಂಖ್ಯೆ 263844ರಿಂದ, ಪಕ್ಕದಲ್ಲಿ.
* ಮುಂಭಾಗದ ಜಾಲರಿ: ಮೊದಲ 9ಎನ್‌ಗಳಲ್ಲಿ ಅಲ್ಯೂಮಿನಿಯಂ, ತರುವಾಯ ಉಕ್ಕು.
* ಬಣ್ಣ: 9ಎನ್ ಮತ್ತು 2ಎನ್ ಪೂರ್ತಿ ಬೂದು, 8ಎನ್‌ನ ಎರಕದ ಒಡಲು ಕೆಂಪು, ತಗಡಿನ ಭಾಗಗಳು ತಿಳಿಬೂದು. ಮರುಬಣ್ಣ ಸಾಮಾನ್ಯವಾದ್ದರಿಂದ ಇದು ಅತ್ಯಂತ ದುರ್ಬಲ ಸಾಕ್ಷ್ಯ.

ಗೇರುಪೆಟ್ಟಿಗೆ ಮತ್ತು ಬ್ರೇಕಿನ ವಿನ್ಯಾಸಗಳನ್ನು ಬದಲಿಸುವುದು ಶ್ರಮದ ಕೆಲಸ. ಆದ್ದರಿಂದ ಬಾನೆಟ್, ಬಣ್ಣ ಅಥವಾ ಎಂಜಿನ್ ಸಂಖ್ಯೆಗಿಂತ ಇವುಗಳ ಸಾಕ್ಷ್ಯಕ್ಕೆ ಹೆಚ್ಚು ತೂಕವಿದೆ.

ಪ್ರಾಯೋಗಿಕ ಮಹತ್ವ
ದಾಖಲೆಯ ವರ್ಷವನ್ನಷ್ಟೇ ನಂಬಿ ಬಿಡಿಭಾಗ ತರಿಸಿದರೆ ಅದು ಹೊಂದದಿರಬಹುದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ಮತ್ತು ಕಾಯಿಲ್‌ಗಳನ್ನು ಎಂಜಿನ್ನನ್ನು ನೋಡಿಯೇ ಆರಿಸಬೇಕು. ವಿದ್ಯುತ್ ವ್ಯವಸ್ಥೆಯಲ್ಲಿ ವಿಶೇಷ ಎಚ್ಚರ ಬೇಕು. ಈ ಟ್ರ್ಯಾಕ್ಟರ್‌ಗಳ ಮೂಲ ವ್ಯವಸ್ಥೆ 6 ವೋಲ್ಟಿನದು. ಅದರಲ್ಲಿ ಬ್ಯಾಟರಿಯ ಧನ ತುದಿಯನ್ನು ಒಡಲಿಗೆ ಜೋಡಿಸಲಾಗಿತ್ತು. ಅನೇಕ ಟ್ರ್ಯಾಕ್ಟರ್‌ಗಳನ್ನು ಈಗ 12 ವೋಲ್ಟಿಗೆ ಮಾರ್ಪಡಿಸಿ, ಋಣ ತುದಿಯನ್ನು ಒಡಲಿಗೆ ಜೋಡಿಸಲಾಗಿದೆ. ಇದನ್ನು ಪರೀಕ್ಷಿಸದೆ ಬ್ಯಾಟರಿ ಜೋಡಿಸಿದರೆ ಉಪಕರಣಗಳು ಕೆಡುತ್ತವೆ.

ಬೆರಕೆ ಭಾಗಗಳಿರುವುದು ಮೋಸದ ಲಕ್ಷಣವೇನಲ್ಲ. ಬಹುಪಾಲು ಅದು ಯಂತ್ರವನ್ನು ದುಡಿಮೆಯಲ್ಲಿ ಉಳಿಸಿಕೊಂಡ ರೈತರ ದುರಸ್ತಿಯ ಫಲ. ಮಾರುವವರು ಅದನ್ನು ತಿಳಿಸದೆ, ಒಂದೇ ವರ್ಷದ ಮೂಲ ಯಂತ್ರವೆಂದು ಹೇಳಿದಾಗ ಮಾತ್ರ ಕೊಳ್ಳುವವರಿಗೆ ನಷ್ಟವಾಗುತ್ತದೆ.